ಪ್ರಶ್ನಿಸುವ ಹಕ್ಕು, ಉತ್ತರಿಸುವ ಹಕ್ಕು: ಬ್ರಿಟಿಷ್ ಪ್ರಸಾರ ಮಾಧ್ಯಮದಲ್ಲಿ ಪ್ರತಿಕೂಲ ಸಂದರ್ಶನದ ಚರಿತ್ರೆ

ಸಂದರ್ಶನವು ಪತ್ರಿಕೋದ್ಯಮದ ಹಳೆಯ ಸಾಧನಗಳಲ್ಲಿ ಒಂದು. ಮುದ್ರಿತ ಪತ್ರಿಕೆಯಲ್ಲಿ ಅದು ವರದಿಗಾರನ ಬರವಣಿಗೆಯ ಮೂಲಕವೇ ಓದುಗನನ್ನು ತಲುಪುತ್ತಿತ್ತು. ಕೇಳಿದ ಪ್ರಶ್ನೆಯ ಧಾಟಿ, ಉತ್ತರಿಸುವ ಮುನ್ನ ಮೂಡಿದ ಮೌನ, ಮುಖದಲ್ಲಿ ಸುಳಿದ ಅಸಮಾಧಾನ ಇವು ಯಾವುವೂ ಅಚ್ಚಿನಲ್ಲಿ ಉಳಿಯುತ್ತಿರಲಿಲ್ಲ. ರೇಡಿಯೋ ಮತ್ತು ದೂರದರ್ಶನಗಳು ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಅಧಿಕಾರದಲ್ಲಿರುವ ವ್ಯಕ್ತಿಯು ಕಠಿಣ ಪ್ರಶ್ನೆಯನ್ನು ಎದುರಿಸುವ ಬಗೆಯನ್ನು ಲಕ್ಷಾಂತರ ಜನ ತಮ್ಮ ಮನೆಗಳಲ್ಲಿ ಕುಳಿತು ನೇರವಾಗಿ ಕಾಣುವಂತಾಯಿತು. ಅದೇ ವೇಳೆಗೆ ಯಾವ ಪ್ರಶ್ನೆಯನ್ನು ಉಳಿಸಬೇಕು, ಯಾವ ಉತ್ತರವನ್ನು ಕತ್ತರಿಸಬೇಕು, ಅದರ ಹಿಂದುಮುಂದೆ ಯಾವ ಚಿತ್ರ, ಯಾವ ಸಂಗೀತವನ್ನು ಜೋಡಿಸಬೇಕು ಎಂಬ ಅಧಿಕಾರವು ಪ್ರಸಾರ ಸಂಸ್ಥೆಯ ಕೈಯಲ್ಲಿಯೇ ಉಳಿಯಿತು.

ಉತ್ತರಿಸುವವನ ಮಾತನ್ನು ವಿನಯದಿಂದ ದಾಖಲಿಸಿಕೊಳ್ಳುವ ಬದಲು ಅದನ್ನು ಸವಾಲಿಗೆ ಒಡ್ಡಿ, ಅದರಲ್ಲಿನ ವೈರುಧ್ಯಗಳನ್ನು ಅವನೆದುರೇ ಇಟ್ಟು ಪರೀಕ್ಷಿಸುವ ಪದ್ಧತಿಯನ್ನು ಪ್ರತಿಕೂಲ ಸಂದರ್ಶನ ಎಂದು ಕರೆಯಬಹುದು. ಇದು ಪ್ರಜಾಪ್ರಭುತ್ವಕ್ಕೆ ಅಗತ್ಯವಾದ ಹೊಣೆಗಾರಿಕೆಯ ಸಾಧನವೇ ಅಥವಾ ಒಬ್ಬ ವ್ಯಕ್ತಿಯನ್ನು ಸಾರ್ವಜನಿಕವಾಗಿ ಕುಗ್ಗಿಸುವ ಪ್ರದರ್ಶನವೇ ಎಂಬ ಚರ್ಚೆ ಅರವತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದಿದೆ. ಈ ಚರ್ಚೆಯು ಹೆಚ್ಚು ಸ್ಪಷ್ಟವಾಗಿ ರೂಪುಗೊಂಡದ್ದು ಬ್ರಿಟನ್ನಿನಲ್ಲಿ. ಅಲ್ಲಿನ ಕೆಲವು ಪ್ರಮುಖ ಪ್ರಸಂಗಗಳನ್ನು, ಅಮೆರಿಕದ ಅನುಭವದೊಂದಿಗೆ ಹೋಲಿಸಿ, ಪ್ರಸಾರದಲ್ಲಿ ನ್ಯಾಯಪರತೆಯ ಕಲ್ಪನೆ ಬೆಳೆದುಬಂದ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿಧೇಯತೆಯ ಕಾಲ

1922ರಲ್ಲಿ ಖಾಸಗಿ ಕಂಪನಿಯಾಗಿ ಹುಟ್ಟಿದ ಬಿಬಿಸಿಯು 1927ರ ಜನವರಿ 1ರಂದು ರಾಜಸನ್ನದಿನ ಮೇರೆಗೆ ಸಾರ್ವಜನಿಕ ನಿಗಮವಾಯಿತು. ಈ ಎರಡು ಘಟ್ಟಗಳ ನಡುವೆ, 1926ರ ಮೇ ತಿಂಗಳಲ್ಲಿ ನಡೆದ ಸಾರ್ವತ್ರಿಕ ಮುಷ್ಕರವು ಸಂಸ್ಥೆಯ ಮೊದಲ ದೊಡ್ಡ ಪರೀಕ್ಷೆಯಾಗಿತ್ತು. ಪತ್ರಿಕೆಗಳ ಮುದ್ರಣ ಬಹುಮಟ್ಟಿಗೆ ಸ್ಥಗಿತಗೊಂಡಿದ್ದ ಆ ದಿನಗಳಲ್ಲಿ ಜನರಿಗೆ ರೇಡಿಯೋ ಸುದ್ದಿಯೇ ಮುಖ್ಯ ಆಧಾರವಾಗಿತ್ತು. ಸಂಸ್ಥೆಯ ಮುಖ್ಯಸ್ಥರಾಗಿದ್ದ ಜಾನ್ ರೀತ್ ಅವರು ಸರಕಾರವು ಬಿಬಿಸಿಯನ್ನು ನೇರವಾಗಿ ವಶಪಡಿಸಿಕೊಳ್ಳದಂತೆ ನೋಡಿಕೊಂಡರು. ಆದರೆ ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ವಿರೋಧ ಪಕ್ಷದ ನಾಯಕ ರಾಮ್ಸೆ ಮ್ಯಾಕ್ಡೊನಾಲ್ಡ್ ಅವರಿಗೆ ಮಾತನಾಡುವ ಅವಕಾಶ ದೊರೆಯಲಿಲ್ಲ. ಸಂಧಾನಕ್ಕೆ ಕರೆ ನೀಡಲು ಬಯಸಿದ್ದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರ ಮನವಿಯೂ ಮೊದಲಿಗೆ ಪ್ರಸಾರವಾಗದೆ ತಡೆಹಿಡಿಯಲ್ಪಟ್ಟಿತು. ನಿಷ್ಪಕ್ಷಪಾತತೆ ಎಂದರೆ ವಿವಾದದಿಂದ ದೂರವಿರುವುದು ಎಂಬ ತಿಳಿವಳಿಕೆ ಅಂದಿನಿಂದ ಸಂಸ್ಥೆಯಲ್ಲಿ ಬೇರೂರಿತು.

ಈ ಧೋರಣೆಯು ಎರಡನೆಯ ಮಹಾಯುದ್ಧದ ನಂತರವೂ ಮುಂದುವರೆಯಿತು. ಸಂಸತ್ತಿನಲ್ಲಿ ಮುಂದಿನ ಹದಿನಾಲ್ಕು ದಿನಗಳೊಳಗೆ ಚರ್ಚೆಗೆ ಬರಲಿರುವ ಯಾವ ವಿಷಯವನ್ನೂ ಪ್ರಸಾರದಲ್ಲಿ ಚರ್ಚಿಸಬಾರದೆಂಬ ನಿಯಮವನ್ನು ಬಿಬಿಸಿ 1944ರಿಂದ ತಾನೇ ಪಾಲಿಸುತ್ತಿತ್ತು. 1955ರಲ್ಲಿ ಸರಕಾರವು ಅದನ್ನೇ ಅಧಿಕೃತ ಆದೇಶವನ್ನಾಗಿ ಮಾಡಿತು. ಜನಪ್ರತಿನಿಧಿಗಳ ಚರ್ಚೆಗೆ ಮೊದಲೇ ಜನರು ಆ ವಿಷಯವನ್ನು ಕೇಳಬಾರದೆಂಬುದು ಇದರ ಒಳ ಅರ್ಥ. 1956ರ ಸೂಯೆಜ್ ಬಿಕ್ಕಟ್ಟಿನ ಕಾಲದಲ್ಲಿ ಈ ನಿಯಮವು ಎಷ್ಟು ಅಸಂಗತವೆಂಬುದು ಬಯಲಾಯಿತು. ಇಡೀ ದೇಶವು ಬೀದಿಬೀದಿಗಳಲ್ಲಿ ಚರ್ಚಿಸುತ್ತಿದ್ದ ಯುದ್ಧದ ಬಗೆಗೆ ದೂರದರ್ಶನ ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು. ಆ ವರ್ಷದ ಡಿಸೆಂಬರಿನಲ್ಲಿ ನಿಯಮವನ್ನು ಅಮಾನತಿನಲ್ಲಿರಿಸಲಾಯಿತು. ಅದು ಮತ್ತೆ ಜಾರಿಗೆ ಬರಲಿಲ್ಲ.

ಇಂಥ ವಾತಾವರಣದಲ್ಲಿ ಮಂತ್ರಿಗಳ ಸಂದರ್ಶನವು ಒಂದು ಬಗೆಯ ಸ್ವಾಗತ ಭಾಷಣವಾಗಿತ್ತೆಂದರೆ ಅತಿಶಯೋಕ್ತಿಯಲ್ಲ. ವಿಮಾನ ನಿಲ್ದಾಣದಲ್ಲಿ ಇಳಿದ ಮಂತ್ರಿಯನ್ನು, ತಾವು ಏನಾದರೂ ಹೇಳಬಯಸುವಿರಾ ಎಂದು ಕೇಳುವುದೇ ಸಂದರ್ಶಕನ ಕರ್ತವ್ಯದ ಆದಿ ಮತ್ತು ಅಂತ್ಯವಾಗಿತ್ತು.

ರಾಬಿನ್ ಡೇ ಮತ್ತು ಹೊಸ ಪರಂಪರೆ

1954ರ ದೂರದರ್ಶನ ಕಾಯಿದೆಯ ಮೇರೆಗೆ 1955ರ ಸೆಪ್ಟೆಂಬರ್ 22ರಂದು ಐಟಿವಿ ಎಂಬ ಖಾಸಗಿ ವಾಹಿನಿಯ ಪ್ರಸಾರ ಆರಂಭವಾಯಿತು. ಸುದ್ದಿಯು ನಿಖರವೂ ನಿಷ್ಪಕ್ಷಪಾತವೂ ಆಗಿರಬೇಕೆಂದು ಆ ಕಾಯಿದೆ ವಿಧಿಸಿತ್ತು. ಆದರೆ ಈ ನಿಯಮವನ್ನು ಪಾಲಿಸುವ ವಿಧಾನ ಬಿಬಿಸಿಯದಕ್ಕಿಂತ ಭಿನ್ನವಾಯಿತು. ಐಟಿವಿಗೆ ಸುದ್ದಿ ಒದಗಿಸುತ್ತಿದ್ದ ಐಟಿಎನ್ ಸಂಸ್ಥೆಯು ವಿವಾದದಿಂದ ದೂರ ಸರಿಯದೆ, ಎಲ್ಲ ಪಕ್ಷದವರನ್ನೂ ಒಂದೇ ಬಗೆಯ ಕಟುವಾದ ಪ್ರಶ್ನೆಗಳಿಗೆ ಗುರಿಪಡಿಸುವುದರಲ್ಲಿ ನಿಷ್ಪಕ್ಷಪಾತತೆಯನ್ನು ಕಂಡುಕೊಂಡಿತು.

ಈ ಪದ್ಧತಿಯನ್ನು ರೂಢಿಸಿದವರಲ್ಲಿ ರಾಬಿನ್ ಡೇ ಮುಖ್ಯರು. ಅವರು ಕಾನೂನು ಓದಿ ವಕೀಲರಾಗಿ ಅರ್ಹತೆ ಪಡೆದಿದ್ದವರು. ನ್ಯಾಯಾಲಯದ ಪಾಟೀಸವಾಲಿನ ರೀತಿಯನ್ನು ಸ್ಟುಡಿಯೋಗೆ ತಂದವರು ಎಂದು ಅವರನ್ನು ಗುರುತಿಸಲಾಗುತ್ತದೆ. 1957ರಲ್ಲಿ ಅವರು ಕೈರೋದಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸರ್ ಅವರನ್ನು ಸಂದರ್ಶಿಸಿ, ಇಸ್ರೇಲಿನ ಶಾಶ್ವತ ಅಸ್ತಿತ್ವವನ್ನು ಒಪ್ಪುವಿರಾ ಎಂಬ ಅರ್ಥದ ನೇರ ಪ್ರಶ್ನೆ ಕೇಳಿದರು. 1958ರ ಫೆಬ್ರವರಿಯಲ್ಲಿ ಪ್ರಧಾನಿ ಹೆರಾಲ್ಡ್ ಮ್ಯಾಕ್ಮಿಲನ್ ಅವರ ಸಂದರ್ಶನ ನಡೆಯಿತು. ಆಗ ವಿದೇಶಾಂಗ ಮಂತ್ರಿ ಸೆಲ್ವಿನ್ ಲಾಯ್ಡ್ ಅವರ ಬಗೆಗೆ ಟೀಕೆಗಳಿದ್ದವು. ಅದನ್ನು ಪ್ರಸ್ತಾಪಿಸಿ ಪ್ರಧಾನಿಯ ಅಭಿಪ್ರಾಯವನ್ನು ಡೇ ಕೇಳಿದರು. ಮ್ಯಾಕ್ಮಿಲನ್ ತಮ್ಮ ಮಂತ್ರಿಯನ್ನು ಸಮರ್ಥಿಸಿಕೊಂಡರು. ಇಂದಿನವರಿಗೆ ಇದು ತೀರ ಸಾಧಾರಣ ಪ್ರಶ್ನೆಯಾಗಿ ತೋರಬಹುದು. ಅಂದಿನ ಪತ್ರಿಕೆಗಳಲ್ಲಿ ಮಾತ್ರ ಅದು ವಿವಾದಕ್ಕೆ ಕಾರಣವಾಯಿತು. ಸಹೋದ್ಯೋಗಿಯೊಬ್ಬನ ಯೋಗ್ಯತೆಯ ಬಗೆಗೆ ಪ್ರಧಾನಿಯನ್ನು ದೂರದರ್ಶನದಲ್ಲಿ ಕೇಳಬಹುದೆ, ಅದು ಸಂಸತ್ತಿನ ಅಧಿಕಾರವನ್ನು ಸಂದರ್ಶಕನು ಕಸಿದುಕೊಂಡಂತಾಗದೆ ಎಂಬ ಪ್ರಶ್ನೆಗಳು ಎದ್ದವು.

ಈ ಆಕ್ಷೇಪಣೆಯಲ್ಲಿ ತಿರುಳಿಲ್ಲದಿರಲಿಲ್ಲ. ಸಂಸತ್ ಸದಸ್ಯನು ಮತದಾರರಿಂದ ಆರಿಸಿಬಂದವನು. ಸಂದರ್ಶಕನಿಗೆ ಅಂಥ ಅಧಿಕಾರಮೂಲವಿಲ್ಲ. ಅವನು ಪ್ರಶ್ನೆ ಕೇಳುವುದು ಶ್ರೋತೃಗಳ ಪರವಾಗಿ ಎಂಬ ನಂಬಿಕೆಯೊಂದೇ ಅವನ ಆಧಾರ. ಆ ನಂಬಿಕೆಯು ಯಾವಾಗ ಉಳಿಯುತ್ತದೆ, ಯಾವಾಗ ಒಡೆಯುತ್ತದೆ ಎಂಬುದು 1971ರಲ್ಲಿ ಸ್ಪಷ್ಟವಾಯಿತು.

'ಯೆಸ್ಟರ್ಡೇಸ್ ಮೆನ್' ಪ್ರಕರಣ

1970ರ ಜೂನ್ 18ರ ಚುನಾವಣೆಯಲ್ಲಿ ಹೆರಾಲ್ಡ್ ವಿಲ್ಸನ್ ನೇತೃತ್ವದ ಲೇಬರ್ ಪಕ್ಷ ಅಧಿಕಾರ ಕಳೆದುಕೊಂಡಿತು. ಅದಾಗಿ ಒಂದು ವರ್ಷ ತುಂಬುವ ಸಂದರ್ಭದಲ್ಲಿ, ಅಧಿಕಾರ ಕಳೆದುಕೊಂಡ ಮಂತ್ರಿಗಳ ಬದುಕು ಹೇಗಿದೆ ಎಂಬುದನ್ನು ಕುರಿತು ಬಿಬಿಸಿ ಒಂದು ಸಾಕ್ಷ್ಯಚಿತ್ರವನ್ನು ತಯಾರಿಸಿತು. ವಿಲ್ಸನ್, ಜೇಮ್ಸ್ ಕ್ಯಾಲಹಾನ್, ರಾಯ್ ಜೆಂಕಿನ್ಸ್, ಡೆನಿಸ್ ಹೀಲಿ, ಬಾರ್ಬರಾ ಕಾಸಲ್ ಮೊದಲಾದವರು ಅದರಲ್ಲಿ ಭಾಗವಹಿಸಿದರು. ನಿರ್ಮಾಪಕಿ ಆಂಜೆಲಾ ಪೋಪ್. ಸಂದರ್ಶಕ ಡೇವಿಡ್ ಡಿಂಬಲ್ಬಿ. ವಿರೋಧ ಪಕ್ಷದ ಕಾರ್ಯವನ್ನು ಕುರಿತ ಗಂಭೀರ ಕಾರ್ಯಕ್ರಮವಿದೆಂದು ಭಾಗವಹಿಸಿದವರು ಭಾವಿಸಿದ್ದರು.

1971ರ ಜೂನ್ 17ರಂದು ತೆರೆಗೆ ಬಂದದ್ದು ಬೇರೆಯೇ ಆಗಿತ್ತು. ಕಾರ್ಯಕ್ರಮದ ಹೆಸರು 'ಯೆಸ್ಟರ್ಡೇಸ್ ಮೆನ್', ಎಂದರೆ ಕಾಲ ಸಂದವರು. ಸ್ಕಾಫೋಲ್ಡ್ ಎಂಬ ಹಾಡುಗಾರರ ತಂಡದ ವ್ಯಂಗ್ಯಗೀತೆ ಅದಕ್ಕೆ ಹಿನ್ನೆಲೆಯಾಗಿತ್ತು. ಜೆರಾಲ್ಡ್ ಸ್ಕಾರ್ಫ್ ಅವರ ವ್ಯಂಗ್ಯಚಿತ್ರಗಳು ನಡುನಡುವೆ ಬರುತ್ತಿದ್ದವು. ವಿಪರ್ಯಾಸವೆಂದರೆ ಈ ಹೆಸರು ಲೇಬರ್ ಪಕ್ಷದ್ದೇ ಸೃಷ್ಟಿ. 1970ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ನಾಯಕರನ್ನು ಹಂಗಿಸಲು ಅವರೇ ಅದನ್ನು ಬಳಸಿದ್ದರು. ಮರುದಿನ ರಾತ್ರಿ ಆಳುವ ಪಕ್ಷದ ಹೀತ್ ಸರಕಾರವನ್ನು ಕುರಿತು ಪ್ರಸಾರವಾದ ಕಾರ್ಯಕ್ರಮವಾದರೋ ಗಂಭೀರವಾಗಿತ್ತು. ಅಧಿಕಾರದಲ್ಲಿರುವವರಿಗೆ ಮರ್ಯಾದೆ, ಅಧಿಕಾರ ಕಳೆದುಕೊಂಡವರಿಗೆ ಅಪಹಾಸ್ಯ ಎಂಬ ಭಾವನೆ ಬರಲು ಈ ಎರಡನ್ನೂ ಅಕ್ಕಪಕ್ಕದಲ್ಲಿ ನೋಡುವುದೇ ಸಾಕಾಗಿತ್ತು.

ಚಿತ್ರೀಕರಣದ ವೇಳೆಯಲ್ಲಿಯೇ ಸಂಘರ್ಷವೊಂದು ನಡೆದಿತ್ತು. ವಿಲ್ಸನ್ ತಮ್ಮ ಸರಕಾರದ ಇತಿಹಾಸವನ್ನು ಪುಸ್ತಕವಾಗಿ ಬರೆದಿದ್ದರು. ಆ ಪುಸ್ತಕದಿಂದ ಬಂದ ಹಣವೆಷ್ಟು ಎಂದು ಡಿಂಬಲ್ಬಿ ಕೇಳಿದರು. ವಿಲ್ಸನ್ ಕೋಪಗೊಂಡರು. ಹೀತ್ ಅವರಿಗೆ ವಿಹಾರನೌಕೆ ಕೊಳ್ಳಲು ಹಣ ಎಲ್ಲಿಂದ ಬಂತೆಂದು ಕೇಳಿರುವಿರಾ ಎಂದು ಮರುಪ್ರಶ್ನೆ ಹಾಕಿದರು. ಆ ಭಾಗವನ್ನು ಬಳಸಕೂಡದೆಂದು ಪಟ್ಟುಹಿಡಿದರು. ಸುದ್ದಿಯು ಪತ್ರಿಕೆಗಳಿಗೆ ಸೋರಿಹೋಯಿತು. ಪ್ರಸಾರಕ್ಕೆ ಮೊದಲೇ ಬಿಬಿಸಿಯ ಆಡಳಿತ ಮಂಡಳಿಯ ಸದಸ್ಯರು ಚಿತ್ರವನ್ನು ತರಿಸಿಕೊಂಡು ನೋಡಿದರು. ಹಣದ ಪ್ರಶ್ನೆಯನ್ನು ತೆಗೆದುಹಾಕಿ ಉಳಿದದ್ದನ್ನು ಪ್ರಸಾರ ಮಾಡಲಾಯಿತು.

ಈ ಪ್ರಕರಣದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಹೆಣೆದುಕೊಂಡಿವೆ. ಅವುಗಳನ್ನು ಬಿಡಿಸಿ ನೋಡುವುದು ಅಗತ್ಯ. ಮೊದಲನೆಯದು ಹಣವನ್ನು ಕುರಿತ ಪ್ರಶ್ನೆ. ಅಧಿಕಾರದಲ್ಲಿ ಪಡೆದ ಅನುಭವವನ್ನು ಪುಸ್ತಕವಾಗಿಸಿ ಮಾಜಿ ಪ್ರಧಾನಿಯೊಬ್ಬರು ಗಳಿಸಿದ್ದೆಷ್ಟು ಎಂಬುದು ಅಹಿತಕರ ಪ್ರಶ್ನೆ ನಿಜ, ಅಸಂಗತ ಪ್ರಶ್ನೆಯಲ್ಲ. ಅದನ್ನು ಕೇಳಿದ್ದು ಮುಖಾಮುಖಿಯಾಗಿ. ಉತ್ತರಿಸಲು, ನಿರಾಕರಿಸಲು, ತಿರುಗಿ ಬೀಳಲು ವಿಲ್ಸನ್ ಅವರಿಗೆ ಅವಕಾಶವಿತ್ತು. ಎರಡನೆಯದು ಹೆಸರು, ಹಾಡು, ವ್ಯಂಗ್ಯಚಿತ್ರಗಳ ಸಂಗತಿ. ಇವು ಯಾವುವೂ ಭಾಗವಹಿಸಿದವರಿಗೆ ತಿಳಿದಿರಲಿಲ್ಲ. ತಿಳಿಯದ ಸಂಗತಿಗೆ ಉತ್ತರ ಹೇಳುವುದು ಯಾರಿಗೂ ಸಾಧ್ಯವಿಲ್ಲ. ಹೀಗೆ ನೋಡಿದಾಗ ಕೇಳಲು ಅರ್ಹವಾಗಿದ್ದ ಪ್ರಶ್ನೆಯನ್ನು ಕತ್ತರಿಸಿ, ಅನ್ಯಾಯವಾಗಿದ್ದ ಅಲಂಕಾರವನ್ನು ಉಳಿಸಿಕೊಂಡದ್ದು ಆ ರಾತ್ರಿಯ ಪ್ರಸಾರದ ವೈಚಿತ್ರ್ಯವಾಗಿ ಕಾಣುತ್ತದೆ.

ಆಂತರಿಕ ವಿಚಾರಣೆಯ ನಂತರ ಮಂಡಳಿಯು ಕಾರ್ಯಕ್ರಮವನ್ನು ಬಹುಮಟ್ಟಿಗೆ ಸಮರ್ಥಿಸಿಕೊಂಡಿತು. ಆದರೆ ಅದರ ಸ್ವರೂಪವನ್ನು ಭಾಗವಹಿಸಿದವರಿಗೆ ಸರಿಯಾಗಿ ತಿಳಿಸಿರಲಿಲ್ಲವೆಂಬ ಟೀಕೆಯನ್ನು ಪೂರ್ತಿಯಾಗಿ ಅಲ್ಲಗಳೆಯಲಾಗಲಿಲ್ಲ. 1971ರ ಅಕ್ಟೋಬರಿನಲ್ಲಿ ಬಿಬಿಸಿಯು ಹೊರಗಿನ ಮೂವರು ಸದಸ್ಯರುಳ್ಳ ಕಾರ್ಯಕ್ರಮ ದೂರುಗಳ ಆಯೋಗವನ್ನು ಸ್ಥಾಪಿಸಿತು. ಪ್ರಸಾರದಿಂದ ಅನ್ಯಾಯವಾಯಿತೆಂದು ಭಾವಿಸಿದವರು ಸಂಸ್ಥೆಯ ಹೊರಗಿನವರೆದುರು ತಮ್ಮ ದೂರನ್ನು ಇಡಲು ಆಗ ಮೊದಲ ಬಾರಿಗೆ ಒಂದು ಸ್ಥಾನ ದೊರೆಯಿತು. 1980ರ ಕಾಯಿದೆಯ ಮೇರೆಗೆ 1981ರಲ್ಲಿ ಎಲ್ಲ ಪ್ರಸಾರ ಸಂಸ್ಥೆಗಳಿಗೂ ಅನ್ವಯಿಸುವ ಶಾಸನಬದ್ಧ ಆಯೋಗ ಅಸ್ತಿತ್ವಕ್ಕೆ ಬಂತು. ಈ ಪ್ರಕರಣಕ್ಕೆ ಇನ್ನೊಂದು ಪರಿಣಾಮವೂ ಇತ್ತು. ರಾಜಕಾರಣಿಗಳನ್ನು ಕುರಿತ ಕಾರ್ಯಕ್ರಮಗಳನ್ನು ತಯಾರಿಸುವಾಗ ಬಿಬಿಸಿಯು ಹಲವು ವರ್ಷ ಅತಿಯಾದ ಎಚ್ಚರ ವಹಿಸಿತು. ಒಂದು ಅನ್ಯಾಯದ ನೆನಪು ಅನೇಕ ನ್ಯಾಯಯುತ ಪ್ರಶ್ನೆಗಳಿಗೂ ಅಡ್ಡಿಯಾಯಿತು.

ಅಮೆರಿಕದ ಅನುಭವ

ಅಮೆರಿಕದಲ್ಲಿ ಇದೇ ಸಮಸ್ಯೆಗೆ ಕಾನೂನಿನ ಮೂಲಕ ಪರಿಹಾರ ಹುಡುಕಲಾಗಿತ್ತು. ಅಲ್ಲಿನ ಫೆಡರಲ್ ಸಂಪರ್ಕ ಆಯೋಗವು 1949ರಲ್ಲಿ ನ್ಯಾಯಪರತೆಯ ಸಿದ್ಧಾಂತವನ್ನು ರೂಪಿಸಿತು. ಪರವಾನಗಿ ಪಡೆದ ಕೇಂದ್ರಗಳು ಸಾರ್ವಜನಿಕ ಮಹತ್ವದ ವಿವಾದಗಳನ್ನು ಚರ್ಚಿಸಬೇಕು, ಭಿನ್ನ ಅಭಿಪ್ರಾಯಗಳಿಗೆ ಎಡೆಕೊಡಬೇಕು ಎಂಬುದು ಅದರ ಸಾರ. ವೈಯಕ್ತಿಕ ದಾಳಿಗೆ ಗುರಿಯಾದವನಿಗೆ ಉತ್ತರಿಸಲು ಸಮಯ ಕೊಡಬೇಕೆಂಬ ನಿಯಮವೂ ಇದರೊಂದಿಗೆ ಬೆಳೆಯಿತು. 1969ರ ರೆಡ್ ಲಯನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ನಿಯಮಗಳನ್ನು ಎತ್ತಿಹಿಡಿದು, ಪ್ರಸಾರಕನ ಹಕ್ಕಿಗಿಂತ ಕೇಳುಗರ ಮತ್ತು ನೋಡುಗರ ಹಕ್ಕು ದೊಡ್ಡದೆಂದು ಸಾರಿತು. 1974ರಲ್ಲಿ ಅದೇ ನ್ಯಾಯಾಲಯವು ಪತ್ರಿಕೆಗಳ ಮೇಲೆ ಇಂಥ ಹೊಣೆ ಹೊರಿಸುವುದು ಸಂವಿಧಾನಬಾಹಿರವೆಂದಿತು. ತರಂಗಾಂತರಗಳು ಮಿತವಾದುವು, ಮುದ್ರಣ ಹಾಗಲ್ಲ ಎಂಬ ವ್ಯತ್ಯಾಸವು ಪ್ರಸಾರದ ಮೇಲಿನ ನಿಯಮಗಳಿಗೆ ಆಧಾರವಾಗಿತ್ತು. ಕೇಬಲ್ ವಾಹಿನಿಗಳು ಹೆಚ್ಚಿದಂತೆ ಈ ವಾದ ಸಡಿಲವಾಗಿ, 1987ರಲ್ಲಿ ಆಯೋಗವೇ ಸಿದ್ಧಾಂತವನ್ನು ಕೈಬಿಟ್ಟಿತು.

ಸಂದರ್ಶನದ ನ್ಯಾಯವನ್ನು ಕುರಿತಂತೆ ಅಮೆರಿಕದ ಎರಡು ಪ್ರಸಂಗಗಳು ಮುಖ್ಯ. 1977ರಲ್ಲಿ ಬ್ರಿಟಿಷ್ ಸಂದರ್ಶಕ ಡೇವಿಡ್ ಫ್ರಾಸ್ಟ್ ಅವರು ಮಾಜಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರೊಡನೆ ಹನ್ನೆರಡು ದಿನಗಳಲ್ಲಿ 28 ಗಂಟೆಗಳಿಗೂ ಮಿಕ್ಕ ಸಂಭಾಷಣೆಯನ್ನು ಧ್ವನಿಮುದ್ರಿಸಿದರು. ನಿಕ್ಸನ್ ಅವರಿಗೆ ಆರು ಲಕ್ಷ ಡಾಲರ್ ಹಾಗೂ ಲಾಭದಲ್ಲಿ ಪಾಲು ಸಂದಿತು. ಹಣ ಕೊಟ್ಟು ಸಂದರ್ಶನ ಪಡೆಯುವುದರ ಔಚಿತ್ಯದ ಬಗೆಗೆ ತೀವ್ರ ಟೀಕೆ ಬಂತು. ಆದರೆ ಸಂಕಲನದ ಮೇಲೆ ನಿಕ್ಸನ್ ಅವರಿಗೆ ಯಾವ ಅಧಿಕಾರವೂ ಇರಲಿಲ್ಲ, ಅವರಿಗೆ ಅದು ಮೊದಲೇ ತಿಳಿದಿತ್ತು. ವಾಟರ್‌ಗೇಟ್ ಕುರಿತ ಪ್ರಶ್ನೆಗಳೂ ಅನಿರೀಕ್ಷಿತವಾಗಿರಲಿಲ್ಲ. ಫ್ರಾಸ್ಟ್ ಅವರ ಬಲವು ದಾಖಲೆಗಳ ಸಿದ್ಧತೆಯಲ್ಲಿತ್ತು. ಅಮೆರಿಕದ ಜನತೆಯನ್ನು ತಾನು ನಿರಾಸೆಗೊಳಿಸಿದೆನೆಂದು ನಿಕ್ಸನ್ ಒಪ್ಪಿಕೊಂಡದ್ದು ಈ ದೀರ್ಘ ಸಂಭಾಷಣೆಯಲ್ಲಿಯೇ.

ಎರಡನೆಯದು ಇದಕ್ಕೆ ವಿರುದ್ಧವಾದುದು. 1982ರ ಜನವರಿಯಲ್ಲಿ ಸಿಬಿಎಸ್ ವಾಹಿನಿಯು ವಿಯೆಟ್ನಾಂ ಯುದ್ಧದಲ್ಲಿ ಶತ್ರುಬಲದ ಎಣಿಕೆಯನ್ನು ಕಡಿಮೆ ತೋರಿಸಲಾಯಿತೆಂದು ಆರೋಪಿಸುವ ಸಾಕ್ಷ್ಯಚಿತ್ರವನ್ನು ಪ್ರಸಾರ ಮಾಡಿತು. ಅದರಲ್ಲಿ ಮೈಕ್ ವ್ಯಾಲೇಸ್ ಅವರು ಜನರಲ್ ವೆಸ್ಟ್‌ಮೋರ್‌ಲ್ಯಾಂಡ್ ಅವರನ್ನು ಕಟುವಾಗಿ ಪ್ರಶ್ನಿಸಿದರು. ಆರೋಪಕ್ಕೆ ಅನುಕೂಲವಾಗಿ ಮಾತನಾಡಿದ ಸಾಕ್ಷಿಯೊಬ್ಬರಿಗೆ ಇತರರ ಸಂದರ್ಶನಗಳನ್ನು ತೋರಿಸಿ ಎರಡನೆಯ ಬಾರಿ ಚಿತ್ರೀಕರಿಸಲಾಗಿತ್ತೆಂಬುದು ಆಮೇಲೆ ಹೊರಬಿತ್ತು. ಸಂಸ್ಥೆಯ ಆಂತರಿಕ ವಿಚಾರಣೆಯು ತನ್ನದೇ ನಿಯಮಗಳ ಉಲ್ಲಂಘನೆಯನ್ನು ಗುರುತಿಸಿತು. ಜನರಲ್ 12 ಕೋಟಿ ಡಾಲರುಗಳ ಮಾನನಷ್ಟ ಮೊಕದ್ದಮೆ ಹೂಡಿ, 1985ರ ಫೆಬ್ರವರಿಯಲ್ಲಿ ತೀರ್ಪು ಬರುವ ಮುನ್ನವೇ ಹಿಂತೆಗೆದುಕೊಂಡರು. ಆರೋಪದ ಸತ್ಯಾಸತ್ಯತೆ ಏನೇ ಇರಲಿ, ಒಬ್ಬನಿಗೆ ಪಾಟೀಸವಾಲು, ಇನ್ನೊಬ್ಬನಿಗೆ ಪೂರ್ವಾಭ್ಯಾಸ ಎಂಬ ತಾರತಮ್ಯವೇ ಇಲ್ಲಿನ ಅನ್ಯಾಯ.

ಮಾತಿನ ಗಡಸುತನ, ಪ್ರಶ್ನೆಯ ಗಟ್ಟಿತನ

ಬ್ರಿಟನ್ನಿನಲ್ಲಿ 1980ರ ನಂತರ ಪ್ರತಿಕೂಲ ಸಂದರ್ಶನವು ನಿತ್ಯದ ಸಂಗತಿಯಾಯಿತು. 1982ರ ಅಕ್ಟೋಬರಿನಲ್ಲಿ ರಕ್ಷಣಾ ಮಂತ್ರಿ ಜಾನ್ ನಾಟ್ ಅವರನ್ನು ಇಂದು ಬಂದು ನಾಳೆ ಹೋಗುವ ರಾಜಕಾರಣಿ ಎಂಬರ್ಥದಲ್ಲಿ ರಾಬಿನ್ ಡೇ ಬಣ್ಣಿಸಿದಾಗ, ನಾಟ್ ಧ್ವನಿಗ್ರಾಹಕವನ್ನು ಕಿತ್ತಿಟ್ಟು ಎದ್ದುಹೋದರು. ಆ ಮಾತು ಜನರ ನೆನಪಿನಲ್ಲಿ ಉಳಿಯಿತು. ನಾಟ್ ಅವರು ಇಪ್ಪತ್ತು ವರ್ಷಗಳ ನಂತರ ಬರೆದ ಆತ್ಮಕಥೆಗೆ ಅದನ್ನೇ ಶೀರ್ಷಿಕೆಯಾಗಿಸಿಕೊಂಡರು. ಆದರೆ ಅಂದು ಚರ್ಚೆಯಾಗಬೇಕಿದ್ದ ರಕ್ಷಣಾ ನೀತಿಯ ವಿಷಯ ಹಿಂದೆ ಸರಿಯಿತು.

ಇದಕ್ಕೆ ಹೋಲಿಸಬಹುದಾದ ಇನ್ನೊಂದು ಪ್ರಸಂಗ 1983ರ ಮೇ 24ರದು. ಚುನಾವಣೆಯ ಮುನ್ನ ಬಿಬಿಸಿಯ 'ನೇಷನ್‌ವೈಡ್' ಕಾರ್ಯಕ್ರಮದಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ವೀಕ್ಷಕರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. 1982ರ ಮೇ 2ರಂದು ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಅರ್ಜೆಂಟೀನಾದ ಬೆಲ್ಗ್ರಾನೋ ನೌಕೆಯನ್ನು ಮುಳುಗಿಸಿದಾಗ 323 ಮಂದಿ ಸತ್ತಿದ್ದರು. ಘೋಷಿತ ವಲಯದ ಹೊರಗೆ, ದ್ವೀಪಗಳಿಂದ ದೂರ ಸಾಗುತ್ತಿದ್ದ ಹಡಗನ್ನು ಮುಳುಗಿಸಿದ್ದೇಕೆ ಎಂದು ಒಬ್ಬ ಶಿಕ್ಷಕಿ ಕೇಳಿದರು. ಹಡಗು ದೂರ ಸಾಗುತ್ತಿರಲಿಲ್ಲವೆಂದು ಪ್ರಧಾನಿ ಹೇಳಿದಾಗ ಆಕೆ ದಿಕ್ಕಿನ ವಿವರಗಳೊಂದಿಗೆ ಮತ್ತೆ ಮತ್ತೆ ಅದೇ ಪ್ರಶ್ನೆಗೆ ಮರಳಿದರು. ವೃತ್ತಿಪರ ಸಂದರ್ಶಕರು ಆ ಚುನಾವಣೆಯಲ್ಲಿ ಕೇಳಿದ ಪ್ರಶ್ನೆಗಳಿಗಿಂತ ಈ ನಾಗರಿಕಳ ಪ್ರಶ್ನೆ ಹೆಚ್ಚು ಕಾಲ ಚರ್ಚೆಯಲ್ಲಿ ಉಳಿಯಿತು. ಅದರಲ್ಲಿ ಅವಹೇಳನದ ಒಂದು ಮಾತೂ ಇರಲಿಲ್ಲ.

1989ರ ಅಕ್ಟೋಬರಿನಲ್ಲಿ ಹಣಕಾಸು ಮಂತ್ರಿ ನೈಜೆಲ್ ಲಾಸನ್ ರಾಜೀನಾಮೆ ನೀಡಿದ ಮೂರು ದಿನಗಳ ತರುವಾಯ ಬ್ರಯನ್ ವಾಲ್ಡೆನ್ ಥ್ಯಾಚರ್ ಅವರನ್ನು ಸಂದರ್ಶಿಸಿದರು. ವಾಲ್ಡೆನ್ ಪ್ರಧಾನಿಗೆ ಪ್ರಿಯರಾದವರು. ಅವರ ಧಾಟಿ ಸೌಜನ್ಯದ್ದು. ಸಲಹೆಗಾರ ಅಲನ್ ವಾಲ್ಟರ್ಸ್ ಅವರನ್ನು ಬಿಡುಗಡೆ ಮಾಡಿದ್ದರೆ ಲಾಸನ್ ಉಳಿಯುತ್ತಿರಲಿಲ್ಲವೆ ಎಂಬ ಒಂದೇ ಎಳೆಯನ್ನು ಅವರು ಬಿಡದೆ ಹಿಡಿದರು. ಪ್ರಧಾನಿಯ ಬಳಿ ಸಮಾಧಾನಕರ ಉತ್ತರವಿಲ್ಲವೆಂಬುದು ನೋಡುಗರಿಗೆ ಮನವರಿಕೆಯಾಯಿತು. 1997ರ ಮೇ 13ರಂದು 'ನ್ಯೂಸ್‌ನೈಟ್' ಕಾರ್ಯಕ್ರಮದಲ್ಲಿ ಜೆರೆಮಿ ಪ್ಯಾಕ್ಸ್‌ಮನ್ ಅವರು ಮಾಜಿ ಗೃಹಮಂತ್ರಿ ಮೈಕೆಲ್ ಹೊವಾರ್ಡ್ ಅವರಿಗೆ, ಕಾರಾಗೃಹ ಸೇವೆಯ ಮುಖ್ಯಸ್ಥರ ನಿರ್ಧಾರವನ್ನು ತಳ್ಳಿಹಾಕುವೆನೆಂದು ಬೆದರಿಸಿದಿರಾ ಎಂಬ ಒಂದೇ ಪ್ರಶ್ನೆಯನ್ನು ಹನ್ನೆರಡರಷ್ಟು ಬಾರಿ ಕೇಳಿದರು. ಮುಂದಿನ ವರದಿ ಸಿದ್ಧವಾಗಿರದಿದ್ದುದರಿಂದ ಪ್ರಶ್ನೆಯನ್ನು ಎಳೆಯಬೇಕಾಯಿತೆಂದು ಪ್ಯಾಕ್ಸ್‌ಮನ್ ಆಮೇಲೆ ಹೇಳಿದ್ದುಂಟು. ಕಾರಣ ಏನಿದ್ದರೂ ಪ್ರಶ್ನೆ ಸ್ಪಷ್ಟವಾಗಿತ್ತು. ಹೌದು ಅಥವಾ ಇಲ್ಲ ಎಂದು ಹೇಳುವ ಅವಕಾಶ ಹೊವಾರ್ಡ್ ಅವರಿಗೆ ಅಷ್ಟೂ ಬಾರಿ ಇತ್ತು.

ಇದೇ ದಶಕದಲ್ಲಿ ಸಂಸ್ಥೆಯೊಳಗಿನಿಂದಲೇ ಎಚ್ಚರಿಕೆಯ ಮಾತೂ ಕೇಳಿಬಂತು. 1995ರ ಫೆಬ್ರವರಿಯಲ್ಲಿ ಡಬ್ಲಿನ್ನಿನಲ್ಲಿ ಮಾಡಿದ ಭಾಷಣದಲ್ಲಿ ಬಿಬಿಸಿಯ ಮಹಾನಿರ್ದೇಶಕ ಜಾನ್ ಬರ್ಟ್ ಅವರು ಸಂದರ್ಶಕರ ಅಹಂಕಾರದ ಧೋರಣೆಯನ್ನು ಟೀಕಿಸಿದರು. ಮಂತ್ರಿಗಳಿಗೆ ಹಿತವಾಗಲೆಂದು ಆಡಿದ ಮಾತು ಇದೆಂದು ಕೆಲವರು ಮೂದಲಿಸಿದರೂ ಅದರಲ್ಲಿನ ವಿವೇಕವನ್ನು ಅಲ್ಲಗಳೆಯುವಂತಿರಲಿಲ್ಲ.

ಕ್ಯಾಮೆರಾದ ಹೊರಗಿನ ನ್ಯಾಯ

ಸಂದರ್ಶನದ ಅನ್ಯಾಯವೆಂದರೆ ಗಡಸು ದನಿಯ ಪ್ರಶ್ನೆ ಎಂದು ಭಾವಿಸುವುದು ಎಷ್ಟು ತಪ್ಪೆಂಬುದಕ್ಕೆ 1995ರ ನವೆಂಬರ್ 20ರಂದು ಪ್ರಸಾರವಾದ ರಾಜಕುಮಾರಿ ಡಯಾನಾ ಅವರ 'ಪನೋರಮಾ' ಸಂದರ್ಶನ ಸಾಕ್ಷಿ. ಎರಡು ಕೋಟಿಗೂ ಹೆಚ್ಚು ಜನ ನೋಡಿದ ಆ ಸಂದರ್ಶನದಲ್ಲಿ ಮಾರ್ಟಿನ್ ಬಶೀರ್ ಮೃದುವಾಗಿಯೇ ಪ್ರಶ್ನಿಸಿದ್ದರು. ಆದರೆ ಅದನ್ನು ಪಡೆಯಲು ನಕಲಿ ಬ್ಯಾಂಕ್ ದಾಖಲೆಗಳನ್ನು ಆಕೆಯ ಸಹೋದರನಿಗೆ ತೋರಿಸಿ ವಂಚಿಸಲಾಗಿತ್ತೆಂದು 2021ರ ಮೇ ತಿಂಗಳಲ್ಲಿ ಪ್ರಕಟವಾದ ಲಾರ್ಡ್ ಡೈಸನ್ ಅವರ ವರದಿ ಹೇಳಿತು. 1996ರಲ್ಲಿ ನಡೆದ ಆಂತರಿಕ ತನಿಖೆಯು ತೀರ ಅಸಮರ್ಪಕವಾಗಿತ್ತೆಂದೂ ಅದು ಗುರುತಿಸಿತು.

ನ್ಯಾಯಾಲಯಗಳೂ ಈ ದಿಕ್ಕಿನಲ್ಲಿ ಯೋಚಿಸಿದವು. 1999ರಲ್ಲಿ ಐರ್ಲೆಂಡಿನ ಮಾಜಿ ಪ್ರಧಾನಿ ಆಲ್ಬರ್ಟ್ ರೆನಾಲ್ಡ್ಸ್ ಅವರ ಮೊಕದ್ದಮೆಯಲ್ಲಿ ಬ್ರಿಟನ್ನಿನ ಲಾರ್ಡ್ಸ್ ಸಭೆಯು ಹೊಣೆಯರಿತ ಪತ್ರಿಕೋದ್ಯಮದ ಹತ್ತು ಲಕ್ಷಣಗಳನ್ನು ಪಟ್ಟಿಮಾಡಿತು. ಆರೋಪಕ್ಕೆ ಗುರಿಯಾದವನ ಪ್ರತಿಕ್ರಿಯೆ ಕೇಳಲಾಯಿತೇ, ಅವನ ಪಕ್ಷದ ಸಾರಾಂಶ ವರದಿಯಲ್ಲಿದೆಯೇ ಎಂಬವು ಅವುಗಳಲ್ಲಿ ಸೇರಿವೆ. 2003ರ ಕಾಯಿದೆಯ ಮೇರೆಗೆ ಅಧಿಕಾರ ಪಡೆದ ಆಫ್ಕಾಮ್ ಸಂಸ್ಥೆಯ ಪ್ರಸಾರ ಸಂಹಿತೆ 2005ರಲ್ಲಿ ಜಾರಿಯಾಯಿತು. ಕಾರ್ಯಕ್ರಮದ ಸ್ವರೂಪ ಮತ್ತು ಉದ್ದೇಶವನ್ನು, ಪ್ರಶ್ನೆಗಳ ವ್ಯಾಪ್ತಿಯನ್ನು, ಅನಂತರ ಆಗುವ ಮುಖ್ಯ ಬದಲಾವಣೆಗಳನ್ನು ಭಾಗವಹಿಸುವವರಿಗೆ ತಿಳಿಸಬೇಕು; ಗಂಭೀರ ಆರೋಪಕ್ಕೆ ಉತ್ತರಿಸಲು ಸೂಕ್ತವೂ ಸಕಾಲಿಕವೂ ಆದ ಅವಕಾಶ ಕೊಡಬೇಕು ಎಂಬುದು ಅದರ ಏಳನೆಯ ವಿಭಾಗದ ತಾತ್ಪರ್ಯ. 1971ರಲ್ಲಿ ವಿಲ್ಸನ್ ಮತ್ತು ಅವರ ಸಹೋದ್ಯೋಗಿಗಳಿಗೆ ದೊರೆಯದಿದ್ದುದು ಹೀಗೆ ಲಿಖಿತ ನಿಯಮವಾಯಿತು. 2017ರ ಏಪ್ರಿಲಿನಲ್ಲಿ ಬಿಬಿಸಿಯ ಪೂರ್ಣ ನಿಯಂತ್ರಣವೂ ಆಫ್ಕಾಮ್‌ಗೆ ಬಂದಿತು.

ನಿಯಮವಿದ್ದ ಮಾತ್ರಕ್ಕೆ ಆಚರಣೆ ಇರುತ್ತದೆಂಬ ಭರವಸೆಯಿಲ್ಲ. 2012ರ ನವೆಂಬರ್ 2ರಂದು 'ನ್ಯೂಸ್‌ನೈಟ್' ಕಾರ್ಯಕ್ರಮವು ಹಿರಿಯ ರಾಜಕಾರಣಿಯೊಬ್ಬರ ಮೇಲೆ ಅತ್ಯಂತ ಘೋರವಾದ ಆರೋಪವನ್ನು ಹೆಸರಿಸದೆ ಪ್ರಸಾರ ಮಾಡಿತು. ಅವರು ಲಾರ್ಡ್ ಮ್ಯಾಕಾಲ್ಪೈನ್ ಎಂಬ ಊಹೆ ಎಲ್ಲೆಡೆ ಹರಡಿತು. ಪ್ರಸಾರಕ್ಕೆ ಮುನ್ನ ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಆರೋಪಿಸಿದವರಿಗೆ ಅವರ ಭಾವಚಿತ್ರವನ್ನೂ ತೋರಿಸಿರಲಿಲ್ಲ. ಕೆಲವೇ ದಿನಗಳಲ್ಲಿ ಇದು ಗುರುತಿನ ತಪ್ಪೆಂದು ಆರೋಪಿಸಿದವರೇ ಹೇಳಿ ಕ್ಷಮೆ ಕೇಳಿದರು. ಬಿಬಿಸಿ 1,85,000 ಪೌಂಡ್ ಪರಿಹಾರ ತೆತ್ತಿತು. ನವೆಂಬರ್ 10ರ ಬೆಳಗ್ಗೆ ಬಿಬಿಸಿಯದೇ ರೇಡಿಯೋ ಕಾರ್ಯಕ್ರಮ 'ಟುಡೇ'ಯಲ್ಲಿ ಜಾನ್ ಹಂಫ್ರೀಸ್ ಅವರು ಸಂಸ್ಥೆಯ ಮಹಾನಿರ್ದೇಶಕ ಜಾರ್ಜ್ ಎಂಟ್ವಿಸಲ್ ಅವರನ್ನು ಪ್ರಶ್ನಿಸಿದರು. ಕಾರ್ಯಕ್ರಮದ ವಿಷಯ ಪ್ರಸಾರಕ್ಕೆ ಮುನ್ನ ತಮಗೆ ತಿಳಿದಿರಲಿಲ್ಲ ಎಂದು ಅವರು ಒಪ್ಪಬೇಕಾಯಿತು. ಅದೇ ರಾತ್ರಿ, ಅಧಿಕಾರ ವಹಿಸಿಕೊಂಡ 54 ದಿನಗಳಲ್ಲಿ, ಅವರು ರಾಜೀನಾಮೆ ನೀಡಿದರು.

ಒಂದೇ ಸಂಸ್ಥೆಯಲ್ಲಿ ಎಂಟು ದಿನಗಳ ಅಂತರದಲ್ಲಿ ನಡೆದ ಈ ಎರಡು ಘಟನೆಗಳು ಈ ಚರಿತ್ರೆಯ ಸಾರವನ್ನು ಹೇಳುತ್ತವೆ. ಮೊದಲನೆಯದರಲ್ಲಿ ಕಟುವಾದ ಒಂದು ಪ್ರಶ್ನೆಯನ್ನು ಕೇಳಿದ್ದರೆ ನಿರಪರಾಧಿಯೊಬ್ಬ ಉಳಿಯುತ್ತಿದ್ದ. ಎರಡನೆಯದರಲ್ಲಿ ಕಟುವಾದ ಪ್ರಶ್ನೆಗಳನ್ನು ಕೇಳಿದ್ದರಿಂದ ಸಂಸ್ಥೆಯ ನಂಬಿಕೆ ಒಂದಿಷ್ಟಾದರೂ ಉಳಿಯಿತು.

ಭಾರತದ ಸಂದರ್ಭ

ಭಾರತದಲ್ಲಿ ಆಕಾಶವಾಣಿ ಮತ್ತು ದೂರದರ್ಶನಗಳು ದೀರ್ಘಕಾಲ ಸರಕಾರದ ಇಲಾಖೆಗಳಾಗಿದ್ದುದರಿಂದ ಪ್ರತಿಕೂಲ ಸಂದರ್ಶನಕ್ಕೆ ಅವಕಾಶ ಕಡಿಮೆಯಿತ್ತು. ಆದರೆ ಉತ್ತರಿಸುವ ಹಕ್ಕಿನ ಬಗೆಗೆ ಇಲ್ಲಿನ ಸರ್ವೋಚ್ಚ ನ್ಯಾಯಾಲಯ 1992ರಲ್ಲಿಯೇ ಮಹತ್ವದ ತೀರ್ಪು ನೀಡಿದೆ. ಜೀವ ವಿಮಾ ನಿಗಮವನ್ನು ಟೀಕಿಸಿ ಅಹಮದಾಬಾದಿನ ಗ್ರಾಹಕ ಹೋರಾಟಗಾರ ಮನುಭಾಯಿ ಷಾ ಬರೆದ ಅಧ್ಯಯನಕ್ಕೆ ನಿಗಮದ ಸದಸ್ಯರು ಉತ್ತರ ಬರೆದರು. ಅದನ್ನು ನಿಗಮದ 'ಯೋಗಕ್ಷೇಮ' ಪತ್ರಿಕೆ ಪ್ರಕಟಿಸಿತು. ಷಾ ಅವರ ಪ್ರತ್ಯುತ್ತರವನ್ನು ಮಾತ್ರ ನಿರಾಕರಿಸಿತು. ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆ ಹೀಗೆ ಒಂದೇ ಪಕ್ಷವನ್ನು ಓದುಗರ ಮುಂದಿಡುವುದು ನ್ಯಾಯವಲ್ಲವೆಂದು ನ್ಯಾಯಾಲಯ ಹೇಳಿತು. ಭೋಪಾಲ ದುರಂತವನ್ನು ಕುರಿತ 'ಬಿಯಾಂಡ್ ಜೆನೊಸೈಡ್' ಚಿತ್ರವನ್ನು ದೂರದರ್ಶನ ನಿರಾಕರಿಸಿದ್ದೂ ತಪ್ಪೆಂದು ಅದೇ ತೀರ್ಪಿನಲ್ಲಿ ತೀರ್ಮಾನಿಸಲಾಯಿತು. 1995ರಲ್ಲಿ ತರಂಗಾಂತರಗಳು ಸಾರ್ವಜನಿಕ ಸ್ವತ್ತೆಂಬ ತೀರ್ಪು ಬಂತು. 1990ರ ಪ್ರಸಾರ ಭಾರತಿ ಕಾಯಿದೆ 1997ರಲ್ಲಿ ಜಾರಿಗೆ ಬಂದಾಗ, ಭಿನ್ನ ಅಭಿಪ್ರಾಯಗಳನ್ನೊಳಗೊಂಡ ನ್ಯಾಯಯುತ ಹಾಗೂ ಸಮತೋಲಿತ ಮಾಹಿತಿಯ ಹೊಣೆ ಆ ನಿಗಮದ ಮೇಲೆ ಬಿದ್ದಿತು.

ಖಾಸಗಿ ವಾಹಿನಿಗಳ ಕಾಲದಲ್ಲಿ ಕರಣ್ ಥಾಪರ್ ಅವರು ಬ್ರಿಟಿಷ್ ಮಾದರಿಯ ಪ್ರತಿಕೂಲ ಸಂದರ್ಶನವನ್ನು ಇಲ್ಲಿ ಪರಿಚಯಿಸಿದವರಲ್ಲಿ ಮುಖ್ಯರು. 2004ರಲ್ಲಿ ತಮಿಳುನಾಡಿನ ಅಂದಿನ ಮುಖ್ಯಮಂತ್ರಿ ಜಯಲಲಿತಾ ಅವರೊಡನೆ ನಡೆದ ಬಿರುಸಿನ ಸಂಭಾಷಣೆ, 2007ರಲ್ಲಿ ಗುಜರಾತಿನ ಅಂದಿನ ಮುಖ್ಯಮಂತ್ರಿ ನರೇಂದ್ರ ಮೋದಿ ಕೆಲವೇ ನಿಮಿಷಗಳಲ್ಲಿ ಸಂದರ್ಶನ ಮುಗಿಸಿ ಎದ್ದ ಪ್ರಸಂಗ ಇವು ಬಹುಚರ್ಚಿತವಾದವು. ಸುದ್ದಿವಾಹಿನಿಗಳ ಒಕ್ಕೂಟವು 2008ರಲ್ಲಿ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಅಧ್ಯಕ್ಷತೆಯಲ್ಲಿ ಸ್ವನಿಯಂತ್ರಣ ಪ್ರಾಧಿಕಾರವನ್ನು ರಚಿಸಿತು. ದೂರು ಕೇಳುವ ಸ್ಥಾನವೇನೋ ಇಲ್ಲಿಯೂ ಏರ್ಪಟ್ಟಿತು. ಆದರೆ ಅನೇಕ ಮಂದಿ ಒಟ್ಟಿಗೆ ಕೂಗಾಡುವ ಚರ್ಚೆಗಳಲ್ಲಿ ಉತ್ತರಿಸುವವನಿಗೆ ವಾಕ್ಯವೊಂದನ್ನು ಮುಗಿಸಲೂ ಅವಕಾಶವಿಲ್ಲದಿರುವಾಗ, ಅದನ್ನು ಪ್ರತಿಕೂಲ ಸಂದರ್ಶನವೆನ್ನಲು ಸಾಧ್ಯವಿಲ್ಲ. ಅಲ್ಲಿ ಪ್ರಶ್ನೆ ಇರುತ್ತದೆ, ಸಂದರ್ಶನ ಇರುವುದಿಲ್ಲ.

ಉಪಸಂಹಾರ

ಮೇಲಿನ ಅವಲೋಕನದಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಪ್ರಸಾರದ ನ್ಯಾಯಪರತೆಯನ್ನು ಪ್ರಶ್ನೆಯ ಮೃದುತ್ವದಿಂದ ಅಳೆಯಲಾಗದು. 1926ರ ಮೌನವೂ 1995ರ ಮೃದು ಮಾತೂ ಅನ್ಯಾಯಕ್ಕೆ ದಾರಿಮಾಡಿದವು. ಉತ್ತರಿಸುವವನಿಗೆ ತಾನು ಯಾವ ಕಾರ್ಯಕ್ರಮದಲ್ಲಿ ಭಾಗವಹಿಸುತ್ತಿದ್ದೇನೆಂಬುದು ತಿಳಿದಿರಬೇಕು. ತನ್ನ ಮೇಲಿನ ಆರೋಪ ಪ್ರಸಾರಕ್ಕೆ ಮೊದಲೇ ಗೊತ್ತಾಗಬೇಕು. ಅವನ ಉತ್ತರದ ಸಾರ ಸಂಕಲನದಲ್ಲಿ ಉಳಿಯಬೇಕು. ಎದುರು ಪಕ್ಷದವನಿಗೂ ಅದೇ ಅಳತೆಗೋಲು ಅನ್ವಯಿಸಬೇಕು. ಇಷ್ಟು ಇದ್ದಲ್ಲಿ ಪ್ರಶ್ನೆ ಎಷ್ಟೇ ಕಠಿಣವಾಗಿದ್ದರೂ ಅದು ಅನ್ಯಾಯವೆನಿಸದು. ಅಧಿಕಾರದಲ್ಲಿರುವವನಿಗೂ ಸಾಮಾನ್ಯ ನಾಗರಿಕನಿಗೂ ಇರುವ ವ್ಯತ್ಯಾಸವನ್ನೂ ಮರೆಯುವಂತಿಲ್ಲ. ಮಂತ್ರಿಗೆ ಮರುದಿನ ಉತ್ತರಿಸಲು ಬೇರೆ ವೇದಿಕೆಗಳಿರುತ್ತವೆ. ಅಕಸ್ಮಾತ್ತಾಗಿ ಸುದ್ದಿಯ ನಡುವೆ ಸಿಕ್ಕಿಕೊಂಡ ಸಾಮಾನ್ಯನಿಗೆ ಆ ಒಂದು ಪ್ರಸಾರವೇ ಮೊದಲನೆಯದೂ ಕೊನೆಯದೂ ಆಗಿರುತ್ತದೆ. ಆದುದರಿಂದ ಮಂತ್ರಿಗೆ ಸಲ್ಲುವ ಕಠಿಣತೆಯನ್ನು ಅವನಿಗೆ ಅನ್ವಯಿಸುವ ಮುನ್ನ ಸಂದರ್ಶಕನು ಎರಡು ಬಾರಿ ಯೋಚಿಸಬೇಕಾಗುತ್ತದೆ. ಪ್ರಶ್ನಿಸುವ ಹಕ್ಕು ಮತ್ತು ಉತ್ತರಿಸುವ ಹಕ್ಕು ಎರಡೂ ಕೇಳುಗನ ತಿಳಿಯುವ ಹಕ್ಕಿಗಾಗಿ ಇರುವಂಥವು. ಇವುಗಳಲ್ಲಿ ಯಾವುದೊಂದನ್ನು ಕೈಬಿಟ್ಟರೂ ನಷ್ಟಕ್ಕೆ ಗುರಿಯಾಗುವವನು ಆ ಕೇಳುಗನೇ ಎಂಬುದನ್ನು ಬ್ರಿಟಿಷ್ ಪ್ರಸಾರದ ಒಂದು ಶತಮಾನದ ಅನುಭವ ತೋರಿಸಿಕೊಟ್ಟಿದೆ.